ಗೋಡೆಯ ತೇವ ಹೆಂಡತಿಗೆ ಕಂಡಿತು, ನನಗೇಕೆ ಕಾಣಲಿಲ್ಲ?

ಪ್ರಶ್ನೆ: ಮೇಡಂ, ಕೆಲವು ತಿಂಗಳಿಂದ ಮನೆ ಕೊಳ್ಳಲು ಹುಡುಕುತ್ತಿದ್ದೇವೆ. ಒಂದು ಹಳೆಯ ಮನೆ ನನಗೆ ತುಂಬಾ ಹಿಡಿಸಿತು. ಬೆಲೆ ಕೈಗೆಟುಕುವಂತಿದೆ, ಆಫೀಸಿಗೂ ಹತ್ತಿರ. ಎರಡು ಸಲ ಹೋಗಿ ನೋಡಿ ಬಂದೆ. ಎಲ್ಲ ಚೆನ್ನಾಗಿಯೇ ಕಂಡಿತು. ಮೂರನೇ ಸಲ ಹೆಂಡತಿಯನ್ನು ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟ ಕೂಡಲೇ ಅವಳು ಹಾಲಿನ ಗೋಡೆ ತೋರಿಸಿ ‘ಇಲ್ಲಿ ತೇವ ಹಿಡಿದಿದೆ’ ಅಂದಳು. ನಿಜ, ಬುಡದಲ್ಲಿ ಬಣ್ಣ ಉಬ್ಬಿತ್ತು. ಆಮೇಲೆ ದಿನವೂ ಇದೇ ಮಾತು. ಅವಳಿಗೆ ಈಗಿನ ಬಾಡಿಗೆ ಮನೆ ಬಿಡಲು ಮನಸ್ಸಿಲ್ಲ, ತವರುಮನೆ ಎರಡೇ ಬೀದಿ ಆಚೆ. ಹಾಗಾಗಿ ಸಣ್ಣದನ್ನು ದೊಡ್ಡದು ಮಾಡುತ್ತಿದ್ದಾಳೆ ಅಂತ ನನ್ನ ಅನುಮಾನ. ‘ನಿಮಗೆ ಬೇಕಾಗಿದ್ದಷ್ಟೇ ನಿಮಗೆ ಕಾಣೋದು’ ಅಂತ ಅವಳು. ಆದರೆ ಗೋಡೆ ಎರಡು ಸಲವೂ ನನ್ನ ಕಣ್ಣ ಮುಂದೆಯೇ ಇತ್ತಲ್ಲ! ನನಗೆ ಕಾಣಲೇ ಇಲ್ಲವಾ, ಇಲ್ಲ ಕಂಡರೂ ಮನಸ್ಸು ಮುಚ್ಚಿಟ್ಟಿತಾ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯ ಮೇಲೆ ಮನೋವಿಜ್ಞಾನಿಗಳು ಸುಮಾರು 80 ವರ್ಷದಿಂದ ಜಗಳವಾಡುತ್ತಿದ್ದಾರೆ. ನಿಮ್ಮಿಬ್ಬರದು ಒಂದು ತಿಂಗಳಲ್ಲಿ ಮುಗಿಯದಿದ್ದರೆ ಬೇಜಾರಾಗಬೇಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಆಸೆ ಆ ಗೋಡೆಯ ಚಿತ್ರವನ್ನು ತಿದ್ದಿರಲಿಕ್ಕಿಲ್ಲ. ಗೋಡೆಯ ಆ ಜಾಗವನ್ನು ನೋಡುವ ಕೆಲಸವನ್ನೇ ಅದು ತಪ್ಪಿಸಿರಬೇಕು.

ಒಂದು ಕೈಯನ್ನು ನೇರ ಮುಂದಕ್ಕೆ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಕಣ್ಣು ಒಂದು ಸಲಕ್ಕೆ ಪೂರ್ತಿ ಸ್ಪಷ್ಟವಾಗಿ ನೋಡಬಲ್ಲದ್ದು ಹೆಚ್ಚುಕಡಿಮೆ ಅಷ್ಟೇ ಜಾಗ. ಸುತ್ತಲಿನದೆಲ್ಲ ಮಸುಕು. ನಂಬಿಕೆ ಬರದಿದ್ದರೆ ಇಲ್ಲಿಯ ಒಂದು ಪದದ ಮೇಲೆ ದೃಷ್ಟಿ ನೆಟ್ಟು, ಕಣ್ಣು ಕದಲಿಸದೆ ಐದು ಸಾಲು ಕೆಳಗಿರುವುದನ್ನು ಓದಲು ನೋಡಿ. ಆಗುವುದಿಲ್ಲ. ಆದರೂ ಇಡೀ ಕೋಣೆ ನಿಚ್ಚಳವಾಗಿ ಕಾಣುತ್ತಿದೆ ಅನ್ನಿಸುತ್ತದೆ, ಅಲ್ವಾ? ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಅಲ್ಲಿಂದಿಲ್ಲಿಗೆ ಜಿಗಿಯುತ್ತಿರುತ್ತದೆ. ಹೀಗೆ ಸಿಕ್ಕಿದ ಚೂರುಗಳನ್ನು ಮಿದುಳು ಹೊಲಿದು ಕೊಡುತ್ತದೆ. ಹೊಲಿಗೆ ನಮಗೆ ಕಾಣುವುದಿಲ್ಲ. ಜಿಗಿಯದೆ ಬಿಟ್ಟ ಜಾಗವೂ ಗೊತ್ತಾಗುವುದಿಲ್ಲ.

ಕಣ್ಣು ಎಲ್ಲಿಗೆ ಜಿಗಿಯಬೇಕು ಅಂತ ಹೇಳುವವರು ಯಾರು? ಹೊಳೆಯುವುದು, ಅಲುಗಾಡುವುದು ಸ್ವಲ್ಪ ಮಟ್ಟಿಗೆ ಎಳೆಯುತ್ತದೆ. ಬಾಕಿಯದು ನಿಮ್ಮ ತಲೆಯಲ್ಲಿ ಆಗ ಏನು ಓಡುತ್ತಿದೆ ಅನ್ನುವುದರ ಮೇಲೆ. ನೀವು ಆ ಹಾಲಿನಲ್ಲಿ ನಿಂತಾಗ ಸೋಫಾ ಎಲ್ಲಿ, ಟಿವಿ ಎಲ್ಲಿ, ದೇವರಮನೆಗೆ ಬೆಳಕು ಸಾಲುತ್ತಾ ಅಂತ ಯೋಚಿಸಿರುತ್ತೀರಿ. ಮನಸ್ಸಿನಲ್ಲಿ ಆಗಲೇ ಅಲ್ಲಿ ವಾಸ ಶುರುವಾಗಿತ್ತು. ವಾಸ ಶುರು ಮಾಡಿದವನ ಕಣ್ಣಿಗೆ ಗೋಡೆಯ ಬುಡದಲ್ಲಿ ಏನು ಕೆಲಸ?

ಕಣ್ಣು ಅಲ್ಲಿಗೆ ಹೋಗಿದ್ದರೂ ಕಾಣದೇ ಇರಬಹುದು. 2013ರಲ್ಲಿ ಅಮೆರಿಕದಲ್ಲಿ 24 ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟು ಹುಡುಕಲು ಹೇಳಿದರು. ಒಂದು ಸ್ಕ್ಯಾನಿನಲ್ಲಿ ಗೊರಿಲ್ಲಾದ ಚಿತ್ರ ಸೇರಿಸಿಟ್ಟಿದ್ದರು. ಅದರ ಗಾತ್ರ ಸಾಧಾರಣ ಗಂಟಿನ 48 ಪಟ್ಟು. 20 ಮಂದಿಗೆ ಅದು ಕಾಣಲಿಲ್ಲ! ಅವರ ಕಣ್ಣಿನ ಚಲನೆಯನ್ನೂ ದಾಖಲಿಸಿದ್ದರು. ಹೆಚ್ಚಿನವರು ಗೊರಿಲ್ಲಾ ಇದ್ದ ಜಾಗವನ್ನೇ ನೋಡಿದ್ದರು. ಇವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ತಲೆಯಲ್ಲಿದ್ದದ್ದು ಗಂಟು, ಆದ್ದರಿಂದ ಬೇರೆ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಹಾಗಾಗಿ ‘ಕಣ್ಣ ಮುಂದೆಯೇ ಇತ್ತಲ್ಲ’ ಅನ್ನುವ ನಿಮ್ಮ ಅಚ್ಚರಿಗೆ ಕಾರಣವಿಲ್ಲ.

ಇನ್ನೊಂದು ಸಾಧ್ಯತೆ ಇದೆ. ಉಬ್ಬಿದ ಬಣ್ಣ ನಿಮಗೆ ಕಂಡಿರಬಹುದು, ಆದರೆ ಅದು ‘ತೇವ’ವಾಗಿ ಕಂಡಿರಲಿಕ್ಕಿಲ್ಲ. ಹಳೇ ಬಣ್ಣ, ಸರಿಯಾಗಿ ಉಜ್ಜದ ಪುಟ್ಟಿ, ಕಿಟಕಿಯ ನೆರಳು – ಏನೋ ಒಂದು. ಕಾರ್ನೆಲ್ ವಿಶ್ವವಿದ್ಯಾಲಯದ ಎಮಿಲಿ ಬಾಲ್ಸೆಟಿಸ್ ಮತ್ತು ಡೇವಿಡ್ ಡನ್ನಿಂಗ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸರಿಹೊಂದುತ್ತದೆ. ವಿದ್ಯಾರ್ಥಿಗಳ ಮುಂದೆ ಎರಡು ಪಾನೀಯ ಇಟ್ಟರು. ಒಂದು ಕಿತ್ತಳೆ ರಸ. ಇನ್ನೊಂದು ನೋಡಿದರೇ ಮುಖ ಕಿವುಚುವಂಥ ಹಸಿರು ದ್ರವ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಹೇಳುತ್ತದೆ. ಪರದೆಯ ಮೇಲೆ ಅಕ್ಷರ ಬಂದರೆ ಒಂದು, ಅಂಕಿ ಬಂದರೆ ಇನ್ನೊಂದು. ಆದರೆ ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು ಮೂಡಿ ಮಾಯವಾದದ್ದು ಇಂಗ್ಲಿಷಿನ ‘ಬಿ’ ಅಂತಲೂ ಓದಬಹುದಾದ, ‘13’ ಅಂತಲೂ ಓದಬಹುದಾದ ಗೀಚು. ಅಕ್ಷರ ಬಂದರೆ ರಸ ಅಂತ ಹೇಳಿಸಿಕೊಂಡವರಲ್ಲಿ ಹೆಚ್ಚಿನವರು ‘ಬಿ’ ಕಂಡರು. ಅಂಕಿ ಬಂದರೆ ರಸ ಅನ್ನುವವರಲ್ಲಿ ಹೆಚ್ಚಿನವರು ‘13’ ಕಂಡರು. ಅವಸರದಲ್ಲಿ ಬರೆದ ‘ಪ’ ಮತ್ತು ‘ವ’ ನಮಗೆ ಹೀಗೇ ಆಟ ಆಡಿಸುತ್ತವಲ್ಲ.

ಸುಮ್ನೆ ಸುಳ್ಳು ಹೇಳಿದರು ಅನ್ನಬಹುದು. ಕಿತ್ತಳೆ ರಸಕ್ಕಾಗಿ ಯಾರು ಬೇಕಾದರೂ ಅಷ್ಟು ಹೇಳಬಲ್ಲರು! ಸಂಶೋಧಕರಿಗೂ ಇದೇ ಅನುಮಾನ ಇತ್ತು. ಇನ್ನೊಂದು ಸುತ್ತಿನಲ್ಲಿ ಕುದುರೆಯಂತೆಯೂ ಸೀಲ್ ಪ್ರಾಣಿಯಂತೆಯೂ ಕಾಣುವ ಚಿತ್ರ ತೋರಿಸಿದರು. ಬಾಯಿ ಉತ್ತರ ಹೇಳುವ ಮೊದಲೇ ಕಣ್ಣು ಯಾವ ಕಡೆಗೆ ಹೊರಳಿತು ಅಂತ ಅಳೆದರು. ಬೇಕಾದ ಉತ್ತರದ ಕಡೆಗೇ ಹೊರಳಿತ್ತು. ಒಂದು ವಿಷಯ ಗಮನಿಸಿ. ಗೀಚು ಅರೆಬರೆ ಇದ್ದದ್ದರಿಂದಲೇ ಆಸೆಗೆ ಜಾಗ ಸಿಕ್ಕಿತು. ಪರದೆಯ ಮೇಲೆ ಸ್ಪಷ್ಟವಾದ ‘13’ ಮೂಡಿದ್ದರೆ ಎಷ್ಟೇ ರಸ ಬೇಕಿದ್ದರೂ ‘ಬಿ’ ಕಾಣುತ್ತಿರಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗಕ್ಕೆ ಬರುತ್ತೇನೆ. ನಿಮ್ಮ ಮನೆಯ ಜಗಳಕ್ಕೆ ಜಾಸ್ತಿ ಹತ್ತಿರವಾದದ್ದೂ ಇದೇ. 1992ರಲ್ಲಿ ಪೀಟರ್ ಡಿಟ್ಟೊ ಮತ್ತು ಡೇವಿಡ್ ಲೋಪೆಜ್ ಇದನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಆರೋಗ್ಯ ಪರೀಕ್ಷೆ ಅಂತ ಹೇಳಿ ಹಳದಿ ಕಾಗದದ ಪಟ್ಟಿ ಕೊಟ್ಟರು. ಜೊಲ್ಲು ತಾಗಿಸಿ, ಬಣ್ಣ ಬದಲಾಗುತ್ತಾ ನೋಡಿ ಅಂದರು. ಒಂದು ಗುಂಪಿಗೆ, ಬಣ್ಣ ಬದಲಾದರೆ ಆರೋಗ್ಯ ಚೆನ್ನಾಗಿದೆ ಅಂತ ಹೇಳಿದ್ದರು. ಇನ್ನೊಂದಕ್ಕೆ ಬದಲಾದರೆ ಮುಂದೆ ತೊಂದರೆ ಅಂತ. ಆ ಕಾಗದ ಬರೀ ಹಳದಿ ಕಾಗದ. ಯಾವತ್ತೂ ಬಣ್ಣ ಬದಲಾಗದು.

ಬದಲಾಗದಿದ್ದರೆ ಒಳ್ಳೆಯದು ಅಂದುಕೊಂಡವರು ಕಾಗದವನ್ನು ಸ್ವಲ್ಪ ಹೊತ್ತು ನೋಡಿ, ಸರಿ ಮುಗಿಯಿತು ಅಂತ ಲಕೋಟೆಗೆ ಹಾಕಿದರು. ಬದಲಾಗದಿದ್ದರೆ ಕೆಟ್ಟದ್ದು ಅಂದುಕೊಂಡವರು ನೋಡುತ್ತಲೇ ಕುಳಿತರು. ಮತ್ತೆ ಅದ್ದಿದರು, ಮತ್ತೆ ನೋಡಿದರು. ಇಬ್ಬರ ಕಣ್ಣಿಗೂ ಬಿದ್ದದ್ದು ಅದೇ ಹಳದಿ. ‘ಇಷ್ಟು ನೋಡಿದ್ದು ಸಾಕು’ ಅನ್ನುವ ಗೆರೆಯನ್ನು ಮಾತ್ರ ಬೇರೆ ಬೇರೆ ಕಡೆ ಎಳೆದುಕೊಂಡರು.

ನೀವು ಎರಡು ಸಲ ಹೋದಾಗ ಎಷ್ಟು ಹೊತ್ತು ಇದ್ದಿರಿ? ಬಹುಶಃ ‘ಚೆನ್ನಾಗಿದೆ’ ಅನ್ನಿಸಿದ ಕೂಡಲೇ ನೋಡುವುದು ನಿಂತಿತು, ಅಳತೆ ತೆಗೆಯುವುದು ಶುರುವಾಯಿತು. ನಿಮ್ಮ ಹೆಂಡತಿ ‘ಬೇಡ’ ಅನ್ನಲು ಕಾರಣ ಸಿಗುವವರೆಗೆ ನೋಡುತ್ತಿದ್ದರು. ಹಳೇ ಮನೆಯಲ್ಲಿ ಹಾಗೆ ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಅದೇ ಛಲದಲ್ಲಿ ಈಗಿನ ಬಾಡಿಗೆ ಮನೆಯ ಬಚ್ಚಲ ಗೋಡೆಯನ್ನು ಒಮ್ಮೆ ನೋಡಲು ಹೇಳಿ. (ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ.)

ಹಾಗಾದರೆ ಆಸೆ ನೋಟವನ್ನೇ ಬದಲಿಸುವುದು ಇಲ್ಲವೇ ಇಲ್ಲವಾ? ಇಲ್ಲಿಂದ ಜಗಳ ಶುರು. 1947ರಲ್ಲಿ ಹಾರ್ವರ್ಡಿನ ಜೆರೋಮ್ ಬ್ರೂನರ್ ಮತ್ತು ಸೆಸಿಲ್ ಗುಡ್‌ಮನ್ ಹತ್ತು ವರ್ಷದ ಮಕ್ಕಳ ಕೈಗೆ ಒಂದು ತಿರುಗಿಸುವ ಗುಂಡಿ ಕೊಟ್ಟರು. ಅದನ್ನು ತಿರುಗಿಸಿದರೆ ಬೆಳಕಿನ ಚಕ್ರ ದೊಡ್ಡದು ಚಿಕ್ಕದು ಆಗುತ್ತದೆ. ನಾಣ್ಯದ ಗಾತ್ರಕ್ಕೆ ಅದನ್ನು ಸರಿಹೊಂದಿಸಬೇಕು. ಮಕ್ಕಳು ನಾಣ್ಯವನ್ನು ಅದೇ ಅಳತೆಯ ರಟ್ಟಿನ ಬಿಲ್ಲೆಗಿಂತ ದೊಡ್ಡದಾಗಿ ತೋರಿಸಿದರು. ಬಡ ಮಕ್ಕಳು ಸಿರಿವಂತರ ಮಕ್ಕಳಿಗಿಂತ ಇನ್ನೂ ದೊಡ್ಡದಾಗಿ. ಬಡವನ ಕಣ್ಣಿಗೆ ಕಾಸು ದೊಡ್ಡದು! ಕೇಳಲು ಎಷ್ಟು ಚೆನ್ನಾಗಿದೆ. ಪಠ್ಯಪುಸ್ತಕಗಳಿಗೂ ಹೋಯಿತು. ಎರಡೇ ವರ್ಷದಲ್ಲಿ ಕಾರ್ಟರ್ ಮತ್ತು ಸ್ಕೂಲರ್ ಎಂಬಿಬ್ಬರು ಮತ್ತೆ ಮಾಡಿ ನೋಡಿದರು. ನಾಣ್ಯ ಎದುರಿಗೇ ಇದ್ದಾಗ ಬಡವ-ಬಲ್ಲಿದರ ವ್ಯತ್ಯಾಸ ಸಿಗಲಿಲ್ಲ. ನೆನಪಿನಿಂದ ಹೇಳಿಸಿದಾಗ ಮಾತ್ರ ಬಡ ಮಕ್ಕಳ ನಾಣ್ಯ ದೊಡ್ಡದಾಯಿತು. ಅಂದರೆ ಉಬ್ಬಿದ್ದು ನೋಟಕ್ಕಿಂತ ನೆನಪು.

ಇಂಥದ್ದೇ ಇನ್ನೊಂದು ಪ್ರಯೋಗ ಇದೆ. ಬೆನ್ನ ಮೇಲೆ ಭಾರದ ಚೀಲ ಹೊತ್ತವರಿಗೆ ಗುಡ್ಡ ಹೆಚ್ಚು ಕಡಿದಾಗಿ ಕಾಣುತ್ತದೆ ಅಂತ 1999ರಲ್ಲಿ ಬರೆದರು. 2009ರಲ್ಲಿ ಬೇರೆಯವರು ಒಂದು ಗುಂಪಿಗೆ ‘ಚೀಲದಲ್ಲಿ ಸ್ನಾಯು ಅಳೆಯುವ ಯಂತ್ರ ಇದೆ’ ಅಂತ ನೆಪ ಹೇಳಿ ಹೊರಿಸಿದರು. ಗುಡ್ಡ ಮಾಮೂಲಿನಂತೆಯೇ ಕಂಡಿತು. ಮೊದಲಿನ ಪ್ರಯೋಗದಲ್ಲಿ ಚೀಲ ಹೊತ್ತವರು ಸಂಶೋಧಕರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಿ, ಅವರಿಗೆ ಬೇಕಾದ ಉತ್ತರ ಕೊಟ್ಟಿದ್ದರು ಅಂತ ಅನುಮಾನ ಬಂತು. 2016ರಲ್ಲಿ ಚಾಝ್ ಫೈರ್‌ಸ್ಟೋನ್ ಮತ್ತು ಬ್ರಯಾನ್ ಶಾಲ್ ಇಂಥ ನೂರಾರು ಪ್ರಯೋಗಗಳನ್ನು ಜಾಲಾಡಿ, ಆಸೆ-ನಂಬಿಕೆಗಳು ನೋಟವನ್ನೇ ಬದಲಿಸುತ್ತವೆ ಅನ್ನಲು ಗಟ್ಟಿ ಸಾಕ್ಷಿ ಇಲ್ಲ ಅಂದರು. ನಾನು ಬಹುಪಾಲು ಇವರ ಕಡೆ.

ಬಹುಪಾಲು ಅಂದೆ, ಪೂರ್ತಿ ಅಲ್ಲ. 2019ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮುಖದ ಚಿತ್ರ ಮತ್ತು ಜಾಗದ ಚಿತ್ರವನ್ನು ಒಂದರ ಮೇಲೊಂದು ಬೆರೆಸಿ, ಯಾವುದು ಜಾಸ್ತಿ ಇದೆ ಅಂತ ಜನರನ್ನು ಕೇಳಿದರು. ಮುಖ ಬಂದರೆ ದುಡ್ಡು ಅಥವಾ ಜಾಗ ಬಂದರೆ ದುಡ್ಡು ಅಂತ ಆಸೆ ಹುಟ್ಟಿಸಿದ್ದರು. ಸರಿಯುತ್ತರಕ್ಕೂ ಬೇರೆ ಬಹುಮಾನ ಇತ್ತು, ಆದ್ದರಿಂದ ಸುಳ್ಳು ಹೇಳಿದರೆ ನಷ್ಟ. ಆದರೂ ಉತ್ತರಗಳು ದುಡ್ಡಿನ ಕಡೆ ವಾಲಿದವು. ಮಿದುಳಿನ ಸ್ಕ್ಯಾನಿನಲ್ಲಿ ಎರಡೂ ಸಿಕ್ಕವು. ಬೇಕಾದ ಉತ್ತರ ಕೊಡುವ ಆತುರ ಒಂದು ಕಡೆ. ನೋಟಕ್ಕೆ ಸಂಬಂಧಿಸಿದ ಭಾಗಗಳೇ ಬೇಕಾದ ಚಿತ್ರದ ಕಡೆ ವಾಲಿದ್ದು ಇನ್ನೊಂದು ಕಡೆ. ಹಾಗಾಗಿ ‘ಕಾಣಲೇ ಇಲ್ಲವಾ, ಮುಚ್ಚಿಟ್ಟಿತಾ’ ಅನ್ನುವುದಕ್ಕೆ ಎರಡೂ ಸ್ವಲ್ಪ ಸ್ವಲ್ಪ ಅನ್ನಬೇಕಾಗುತ್ತದೆ.

ಎಲ್ಲವನ್ನೂ ಆಸೆಯ ತಲೆಗೆ ಕಟ್ಟುವುದೂ ತಪ್ಪು. ಬೇಸಿಗೆಯ ಟಾರು ರಸ್ತೆಯ ಮೇಲೆ ಬಿಸಿಲುಗುದುರೆ ಕಾಣಲು ಬಾಯಾರಿಕೆ ಬೇಕಿಲ್ಲ. ಬಿಸಿ ಗಾಳಿ ಬೆಳಕನ್ನು ಬಾಗಿಸುತ್ತದೆ, ಮೊಬೈಲ್ ಕ್ಯಾಮೆರಾದಲ್ಲೂ ಅದು ಬೀಳುತ್ತದೆ. ಅದನ್ನು ‘ನೀರು’ ಅಂತ ನಂಬಿ ನಡೆಯಲು ಮಾತ್ರ ಬಾಯಾರಿಕೆ ಬೇಕು. ಇನ್ನು ಶಂಕರರ ಕಾಲದಿಂದ ವೇದಾಂತಿಗಳು ಹೇಳಿಕೊಂಡು ಬಂದ ಹಗ್ಗ-ಹಾವು ನೋಡಿ. ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣುತ್ತದೆ. ಹಾವು ಯಾರಿಗೆ ಬೇಕಿತ್ತು? ಬೇಕಾದದ್ದೇ ಕಾಣುವುದಾದರೆ ಹಾವೇ ಹಗ್ಗವಾಗಿ ಕಾಣಬೇಕಿತ್ತು. ಹಗ್ಗವನ್ನು ಹಾವೆಂದು ಬೆಚ್ಚಿದರೆ ನಷ್ಟವಿಲ್ಲ. ಹಾವನ್ನು ಹಗ್ಗವೆಂದು ಹಿಡಿದರೆ ಕತೆ ಮುಗಿಯಿತು. ಭಯವೂ ಆಸೆಯಷ್ಟೇ ಕಣ್ಣನ್ನು ನಡೆಸುತ್ತದೆ, ಉಲ್ಟಾ ದಿಕ್ಕಿನಲ್ಲಿ. ನಿಮ್ಮ ಹೆಂಡತಿಯದು ಬರೀ ‘ಬೇಡ’ ಅನ್ನುವ ಹಟ ಅಂತ ನೀವು ತೀರ್ಮಾನಿಸಿದ್ದೀರಿ. ಜೀವಮಾನದ ಉಳಿತಾಯ ಹಾಕಿ ಸೋರುವ ಮನೆ ಕೊಂಡುಬಿಟ್ಟರೆ ಅನ್ನುವ ದಿಗಿಲೂ ಇರಬಹುದಲ್ಲ.

ಮತ್ತೆ, ಪಕ್ಷಪಾತ ಇರುವವರು ಹೇಳಿದ್ದು ಸುಳ್ಳು ಅಂತಲೂ ಆಗುವುದಿಲ್ಲ. 1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಫುಟ್‌ಬಾಲ್ ಪಂದ್ಯ ನಡೆಯಿತು. ತುಂಬಾ ಒರಟು ಆಟ. ಪ್ರಿನ್ಸ್‌ಟನ್ನಿನ ಮುಖ್ಯ ಆಟಗಾರನ ಮೂಗು ಮುರಿಯಿತು, ಡಾರ್ಟ್‌ಮತ್ತಿನವನೊಬ್ಬನ ಕಾಲು. ಆಮೇಲೆ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದೇ ಫಿಲ್ಮ್ ಹಾಕಿ, ಡಾರ್ಟ್‌ಮತ್ ತಂಡ ಎಷ್ಟು ಫೌಲ್ ಮಾಡಿತು ಎಣಿಸಿ ಅಂದರು. ಡಾರ್ಟ್‌ಮತ್ತಿನವರಿಗೆ ಸರಾಸರಿ 4.3 ಕಂಡವು, ಪ್ರಿನ್ಸ್‌ಟನ್ನಿನವರಿಗೆ 9.8. ಎಲ್‌ಬಿಡಬ್ಲ್ಯು ಅಪೀಲ್ ಆದಾಗ ಟಿವಿ ಮುಂದೆ ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ. ಕ್ರಿಕೆಟ್‌ನವರು ಇದಕ್ಕೆ ಉಪದೇಶ ಮಾಡುತ್ತಾ ಕೂರಲಿಲ್ಲ. ಟೆಸ್ಟ್ ಪಂದ್ಯಗಳಿಗೆ 1994ರಿಂದ ಒಬ್ಬ, 2002ರಿಂದ ಇಬ್ಬರೂ ಅಂಪೈರ್‌ಗಳನ್ನು ಬೇರೆ ದೇಶದಿಂದ ಕರೆಸಿದರು.

ಉಪದೇಶದಿಂದ ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಒಬ್ಬ ಪ್ರಾಮಾಣಿಕ ವಿಜ್ಞಾನಿಯ ಕತೆ ಹೇಳಬೇಕು. ಫ್ರಾನ್ಸಿನ ನಾನ್ಸಿ ನಗರದ ರೆನೆ ಬ್ಲಾಂಡ್ಲೊ ಹೆಸರುವಾಸಿ ಭೌತವಿಜ್ಞಾನಿ. 1895ರಲ್ಲಿ ಜರ್ಮನಿಯ ರಾಂಟ್ಜೆನ್ ಎಕ್ಸ್ ಕಿರಣ ಕಂಡುಹಿಡಿದಿದ್ದರು. 1903ರಲ್ಲಿ ಬ್ಲಾಂಡ್ಲೊ ತಾನು ಇನ್ನೊಂದು ಹೊಸ ಕಿರಣ ಕಂಡೆ ಅಂದರು. ಊರಿನ ಹೆಸರಿನಿಂದ ಅದಕ್ಕೆ ಎನ್ ಕಿರಣ ಅಂತ ಹೆಸರಾಯಿತು. ಕತ್ತಲೆ ಕೋಣೆಯಲ್ಲಿ ಮಸುಕಾದ ಬೆಳಕಿನ ಚುಕ್ಕೆ ಒಂದಿಷ್ಟು ಹೊಳಪೇರಿದರೆ ಕಿರಣ ಬಂತು ಅಂತ ಲೆಕ್ಕ. ಅಳತೆಗೆ ಕಣ್ಣೇ ಉಪಕರಣ. ಫ್ರಾನ್ಸಿನ ಹಲವು ವಿಜ್ಞಾನಿಗಳಿಗೂ ಅದು ಕಂಡಿತು. ಲೋಹದಿಂದ ಬರುತ್ತದೆ, ಮನುಷ್ಯನ ನರಗಳಿಂದಲೂ ಬರುತ್ತದೆ ಅಂತ ಪ್ರಬಂಧದ ಮೇಲೆ ಪ್ರಬಂಧ ಬಂದವು. ಬೇರೆ ದೇಶಗಳಲ್ಲಿ ಹೆಚ್ಚಿನವರಿಗೆ ಏನೂ ಕಾಣಲಿಲ್ಲ.

1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ನಾನ್ಸಿಗೆ ಹೋದರು. ಅಲ್ಯುಮಿನಿಯಂ ಪಟ್ಟಕದ ಮೂಲಕ ಕಿರಣ ಬೇರೆ ಬೇರೆ ಕಡೆ ಹೇಗೆ ಬಾಗುತ್ತದೆ ಅಂತ ಪ್ರಯೋಗಾಲಯದವರು ತೋರಿಸುತ್ತಿದ್ದರು. ಕತ್ತಲಲ್ಲಿ ವುಡ್ ಆ ಪಟ್ಟಕವನ್ನೇ ಮೆಲ್ಲಗೆ ತೆಗೆದುಬಿಟ್ಟರು. ಅವರು ಮೊದಲಿನಂತೆಯೇ ಅಳತೆ ಓದುತ್ತಾ ಹೋದರು! ಇನ್ನೊಂದು ಕಡೆ ಉಕ್ಕಿನ ಅರವನ್ನು ಕಣ್ಣಿನ ಹತ್ತಿರ ಹಿಡಿದರೆ ಮಬ್ಬಿನಲ್ಲಿ ಗಡಿಯಾರದ ಮುಳ್ಳು ಚೆನ್ನಾಗಿ ಕಾಣುತ್ತದೆ ಅಂದರು. ವುಡ್ ಅರದ ಬದಲು ಮರದ ತುಂಡು ಹಿಡಿದರು. ಆಗಲೂ ಮುಳ್ಳು ಚೆನ್ನಾಗಿಯೇ ಕಂಡಿತು. ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ವುಡ್ ಇದನ್ನೆಲ್ಲ ಬರೆದರು, ಎನ್ ಕಿರಣದ ಕತೆ ಹೊರಗಿನವರ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಬ್ಲಾಂಡ್ಲೊ ಮೋಸಗಾರ ಅಂತ ನನಗೆ ಅನ್ನಿಸುವುದಿಲ್ಲ. ಜರ್ಮನಿಯ ಎದುರು 1870-71ರ ಯುದ್ಧ ಸೋತ ದೇಶ, ಗಡಿಯ ಹತ್ತಿರದ ಊರು, ಜರ್ಮನರಿಗೆ ಎಕ್ಸ್ ಕಿರಣದ ಕೀರ್ತಿ. ಮಸುಕು ಬೆಳಕಿನಲ್ಲಿ ಕಣ್ಣು ವಾಲಲು ಇಷ್ಟು ಸಾಕು.

ಈಗ ನಿಮ್ಮ ಮನೆ. ‘ಇನ್ನು ಮೇಲೆ ಪಕ್ಷಪಾತವಿಲ್ಲದೆ ನೋಡುತ್ತೇನೆ’ ಅಂತ ನೀವು ನಿರ್ಧಾರ ಮಾಡಿದರೆ ಏನೂ ಆಗುವುದಿಲ್ಲ. 1984ರಲ್ಲಿ ಚಾರ್ಲ್ಸ್ ಲಾರ್ಡ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿದರು. ನ್ಯಾಯವಾಗಿ, ನಿಷ್ಪಕ್ಷಪಾತವಾಗಿ ನೋಡಿ ಅಂತ ಹೇಳಿಸಿಕೊಂಡವರ ಪಕ್ಷಪಾತ ಹಾಗೇ ಉಳಿಯಿತು. ‘ಇದೇ ಸಾಕ್ಷಿ ಉಲ್ಟಾ ಉತ್ತರ ಕೊಟ್ಟಿದ್ದರೆ ಆಗ ಹೇಗೆ ನೋಡುತ್ತಿದ್ದಿರಿ?’ ಅಂತ ಕೇಳಿಸಿಕೊಂಡವರಲ್ಲಿ ಕಡಿಮೆಯಾಯಿತು.

ಹಾಗಾಗಿ ಇನ್ನೊಮ್ಮೆ ಇಬ್ಬರೂ ಹೋಗಿ, ಆದರೆ ಕೆಲಸ ಅದಲುಬದಲು ಮಾಡಿಕೊಂಡು. ನೀವು ಹುಳುಕು ಹುಡುಕಿ, ಅವರು ಒಳ್ಳೆಯದನ್ನು ಬರೆದುಕೊಳ್ಳಲಿ. ಹೋಗುವ ಮುಂಚೆಯೇ ಚೀಟಿಯಲ್ಲಿ ಬರೆದಿಡಿ: ಏನು ಕಂಡರೆ ನೀವು ಬಿಡುತ್ತೀರಿ, ಏನಿದ್ದರೆ ಅವರು ಒಪ್ಪುತ್ತಾರೆ. ನೋಡಿದ ಮೇಲೆ ಬರೆದರೆ ಚೀಟಿಯೂ ವಾಲುತ್ತದೆ. ಸಾಧ್ಯವಾದರೆ ಜೋರು ಮಳೆಯಾದ ಮರುದಿನ ಹೋಗಿ. ಲೈಟ್ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಹಿಡಿದು ಬೆಳಕನ್ನು ಗೋಡೆಯುದ್ದಕ್ಕೂ ಅಡ್ಡ ಬಿಡಿ. ನೇರ ಬೆಳಕಿನಲ್ಲಿ ಕಾಣದ ಉಬ್ಬು, ಪುಟ್ಟಿ ಬಳಿದ ತೇಪೆ ನೆರಳು ಬಿದ್ದು ಎದ್ದು ಕಾಣುತ್ತವೆ. ಗೋಡೆಗೆ ಒತ್ತರಿಸಿಟ್ಟ ಬೀರು, ತೀರಾ ಕೆಳಗೆ ತೂಗುಹಾಕಿದ ಕ್ಯಾಲೆಂಡರ್ ಇದ್ದರೆ ಸರಿಸಿ ನೋಡಿ. ಗೋಡೆಯ ಬುಡದಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ಯಾಕೆ ಅಂತ ಕೇಳಿ.

ಆಮೇಲೆ ಒಬ್ಬ ಅನುಭವಿ ಗಾರೆ ಮೇಸ್ತ್ರಿಯನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಬ್ರೋಕರ್ ಕಡೆಯವರು ಬೇಡ, ನಿಮ್ಮ ಮಾವನ ಮನೆ ಕಡೆಯವರೂ ಬೇಡ. ನೀವು ಕೊಂಡರೂ ಬಿಟ್ಟರೂ ಅವರ ಕೂಲಿ ಅಷ್ಟೇ ಇರಬೇಕು, ರಿಪೇರಿ ಕೆಲಸ ಅವರಿಗೇ ಅನ್ನುವ ಆಸೆಯನ್ನೂ ತೋರಿಸಬೇಡಿ. ‘ಇಲ್ಲಿ ತೇವ ಇದೆಯಾ ನೋಡಿ’ ಅಂತಲೂ ಅನ್ನಬೇಡಿ. ‘ಮನೆ ನೋಡಿ ಹೇಳಿ’ ಅಂತಷ್ಟೇ ಹೇಳಿ ಸುಮ್ಮನಿರಿ. ಗೋಡೆಯ ಹಿಂದೆ ಬಚ್ಚಲೋ ಪೈಪೋ ಇದ್ದು ಸೋರುತ್ತಿದ್ದರೆ ಪ್ಲಂಬರ್ ಕೆಲಸ, ಅದು ಮುಗಿಯುತ್ತದೆ. ನೆಲದಿಂದಲೇ ತೇವ ಏರುತ್ತಿದ್ದರೆ ಖರ್ಚು ದೊಡ್ಡದು, ಆ ಮೊತ್ತವನ್ನು ಬೆಲೆಯಲ್ಲಿ ಇಳಿಸಿ ಕೇಳಬೇಕು. ಅವರು ಇಳಿಸದಿದ್ದರೆ ಚೀಟಿಯಲ್ಲಿ ನೀವೇ ಬರೆದದ್ದನ್ನು ನೋಡಿ.

ತವರುಮನೆಯ ವಿಚಾರಕ್ಕೆ ಮೇಸ್ತ್ರಿ ಬೇಡ. ಎರಡು ಬೀದಿ ದೂರದ ಅಮ್ಮನನ್ನು ಬಿಟ್ಟು ಬರುವುದು ಅವರಿಗೆ ಎಷ್ಟು ಕಷ್ಟ ಅಂತ ನೇರವಾಗಿ ಕೇಳಿ. ಅದನ್ನೂ ಇದನ್ನೂ ಒಂದೇ ಗೋಡೆಯ ಮೇಲೆ ಹಾಕಿ ಮಾತಾಡುತ್ತಿರುವುದರಿಂದಲೇ ದಿನವೂ ಜಗಳ ಆಗುತ್ತಿದೆ ಅಂತ ನನಗೆ ಅನ್ನಿಸುತ್ತದೆ.